ಟಿಕೆಟ್ ಆಮೇಲೆ, ಮೊದಲು ಟಾಮಿಯ ಲೆಕ್ಕ

ಮನೆಯವರಿಗೆ ಜರ್ಮನಿಗೋ ಲಂಡನ್ನಿಗೋ ವರ್ಗವಾಗಿದೆ. ಮಕ್ಕಳ ಟಿ.ಸಿ., ವೀಸಾ, ಗ್ಯಾಸ್ ಕನೆಕ್ಷನ್ ಒಪ್ಪಿಸುವುದು, ಸಾರಿನಪುಡಿ ಮಾಡಿಸುವುದು... ಎಲ್ಲದರ ಪಟ್ಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀರಿ. ಅದರಲ್ಲಿ ಟಾಮಿಯ ಹೆಸರು ಎಷ್ಟನೇ ಸಾಲಿನಲ್ಲಿದೆ? ಬಹಳ ಮನೆಗಳಲ್ಲಿ ಕೊನೇ ಸಾಲು. ಅದು ಮೊದಲ ಸಾಲಿಗೆ ಬರಬೇಕು ಅನ್ನುವುದೇ ನನ್ನ ವಾದ.

ಯಾಕೆ ಅಂತೀರಾ? ನಮ್ಮ ದೇಶದಲ್ಲಿ ರೇಬಿಸ್, ಅಂದರೆ ಹುಚ್ಚುನಾಯಿ ರೋಗ ಇನ್ನೂ ಇದೆ. ಹಾಗಾಗಿ ಯುರೋಪಿಯನ್ ಒಕ್ಕೂಟವಾಗಲಿ, ಬ್ರಿಟನ್ ಆಗಲಿ ಸಲೀಸಾಗಿ ನಾಯಿ ಬಿಟ್ಟುಕೊಳ್ಳುವ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಸೇರಿಸಿಲ್ಲ. ಇಲ್ಲಿಂದ ಹೋಗುವ ನಾಯಿಗೆ ರಕ್ತಪರೀಕ್ಷೆಯೂ ಆಗಬೇಕು, ಅದು ಕಾಯಲೂ ಬೇಕು.

ಲೆಕ್ಕ ಹೀಗಿದೆ ನೋಡಿ. ಮೊದಲು ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕ ಮೈಕ್ರೋಚಿಪ್. ಅದಕ್ಕೆ 15 ಅಂಕಿಯ ನಂಬರು. ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಬಾರದು. 'ವರ್ಷಾ ವರ್ಷಾ ತಪ್ಪದೆ ಹಾಕಿಸಿದ್ದೀವಲ್ಲ' ಅಂದರೆ ಕೇಳುವವರಿಲ್ಲ. ಚಿಪ್ಪಿಗೆ ಮುಂಚಿನ ಲಸಿಕೆ ಅವರ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಅವರು ಒಪ್ಪುವ ಲ್ಯಾಬಿಗೆ ಕಳಿಸಬೇಕು. ಪಾಸಾದರೂ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಲೇಬೇಕು. ಒಟ್ಟು 4 ತಿಂಗಳಾಯಿತಲ್ಲ! ಕಂಪನಿ ಕೊಡುವ ನೋಟೀಸು ಅಷ್ಟಿರುತ್ತದೆಯೇ?

ಅದಕ್ಕೇ ಹೇಳುವುದು, ವರ್ಗದ ಮಾತು ಗಾಳಿಯಲ್ಲಿದ್ದಾಗಲೇ ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಮುಗಿಸಿಬಿಡಿ. ಹೋಗುವುದು ತಪ್ಪಿದರೂ ನಷ್ಟವಿಲ್ಲ. ಮುಂದಿನ ಲಸಿಕೆಗಳನ್ನು ಗಡುವಿನೊಳಗೆ ಹಾಕಿಸುತ್ತಿದ್ದರೆ ಅದೇ ರಕ್ತಪರೀಕ್ಷೆ ಮುಂದೆಯೂ ನಡೆಯುತ್ತದೆ. ದಿನ ಸಾಲದಿದ್ದರೆ ಮನೆಯವರು ಮುಂದೆ ಹೋಗಲಿ, ನೀವು ಮಕ್ಕಳ ಪರೀಕ್ಷೆ ಮುಗಿಸಿ ಟಾಮಿ ಜೊತೆ ಹೊರಡಿ.

ಹೊರಡುವ ವಾರ ಪಶುವೈದ್ಯರ ಪತ್ರದ ಜೊತೆಗೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರ ಬೇಕು. ಈ ಕಚೇರಿ ಬೆಂಗಳೂರಿನಲ್ಲೂ ಇದೆ. ದೇಶಕ್ಕೊಂದು ನಿಯಮ ಎಂಬುದೂ ನೆನಪಿರಲಿ. ಬ್ರಿಟನ್ನಿಗಾದರೆ ತಲುಪುವ 24ರಿಂದ 120 ಗಂಟೆಗಳ ಒಳಗೆ ಲಾಡಿಹುಳುವಿನ ಔಷಧಿ ಕೊಡಿಸಿರಬೇಕು. ಅಮೆರಿಕ 2024ರ ಆಗಸ್ಟ್‌ನಿಂದ 6 ತಿಂಗಳಿಗಿಂತ ಚಿಕ್ಕ ಮರಿಗಳನ್ನು ಬಿಟ್ಟುಕೊಳ್ಳುತ್ತಿಲ್ಲ. ಆಸ್ಟ್ರೇಲಿಯಾಕ್ಕಂತೂ ಇಲ್ಲಿಂದ ನೇರವಾಗಿ ಒಯ್ಯುವಂತೆಯೇ ಇಲ್ಲ. ನಿಯಮ ಬದಲಾಗುತ್ತಲೇ ಇರುತ್ತದೆ, ಪಕ್ಕದ ಮನೆಯವರ ಮಾತು ನಂಬಬೇಡಿ. ಆ ದೇಶದ ಸರ್ಕಾರಿ ವೆಬ್‌ಸೈಟನ್ನೇ ಓದಿ.

ಪ್ರಯಾಣದ ಪೆಟ್ಟಿಗೆಯನ್ನೂ ಈಗಲೇ ತನ್ನಿ. ನಾಯಿ ಅದರಲ್ಲಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಬಾಗಿಲು ತೆರೆದಿಟ್ಟು ಅದರೊಳಗೇ ಊಟ ಹಾಕಿ, ಅದರ ಹಳೇ ಹೊದಿಕೆ ಹಾಸಿ. ಗಾಬರಿಯಾಗುತ್ತದೆಂದು ನಿದ್ರೆ ಮಾತ್ರೆ ಮಾತ್ರ ಬೇಡ, ವಿಮಾನದಲ್ಲಿ ಉಸಿರಾಟಕ್ಕೇ ಕುತ್ತು. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಎಷ್ಟೋ ವಿಮಾನ ಕಂಪನಿಗಳು ಒಯ್ಯುವುದೇ ಇಲ್ಲ.

'ಒಂದು ನಾಯಿಗೆ ಇಷ್ಟೆಲ್ಲ ಖರ್ಚಾ?' ಅಂತ ಅತ್ತೆ ಕೇಳಬಹುದು. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಎಲ್ಲರ ಕೈಲೂ ಆಗುವುದಿಲ್ಲ. ಹನ್ನೆರಡು ವರ್ಷದ, ಎದೆಯ ತೊಂದರೆಯಿರುವ ನಾಯಿಗೆ ವಿಮಾನಕ್ಕಿಂತ ಊರಿನ ಅಜ್ಜಿಯ ಜಗಲಿಯೇ ಸುಖ. ಬಿಟ್ಟುಹೋಗುವುದು ಪಾಪವಲ್ಲ. ಆದರೆ ಕೊನೇ ದಿನ ವಾಚ್‌ಮನ್ ಕೈಗೆ ಐನೂರು ರೂಪಾಯಿ ತುರುಕಿ 'ನೋಡ್ಕೊಳ್ಳಪ್ಪಾ' ಅಂತ ಹೊರಡುವುದು ಖಂಡಿತ ಪಾಪ. ಸೋಫಾ ಮೇಲೆ ಬೆಳೆದ ನಾಯಿಗೆ ಬೀದಿಯ ಬದುಕು ಬಾರದು. ಅದು ಗೇಟಿನ ಬಳಿ ನಿಮ್ಮ ಕಾರಿನ ಸದ್ದಿಗೇ ಕಾಯುತ್ತಿರುತ್ತದೆ.

ಹೊಸ ಮನೆಗೆ ಕೊಡುವುದಾದರೂ ಆ 4 ತಿಂಗಳು ಬೇಕೇ ಬೇಕು. ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯಿರಿ, ಅವರ ಕೈಯಿಂದಲೇ ಊಟ ಹಾಕಿಸಿ, ಒಂದೆರಡು ರಾತ್ರಿ ಬಿಟ್ಟು ನೋಡಿ. ಕರೆದೊಯ್ಯುತ್ತೀರೋ, ಬಿಟ್ಟುಹೋಗುತ್ತೀರೋ, ಅದನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ತೀರ್ಮಾನಿಸಿ. ಟಿಕೆಟ್ ಅದರ ನಂತರ ಬುಕ್ ಮಾಡಿದರಾಯಿತು.