ಮಳೆ ಅಳೆಯುವವರೂ ಬೇಕು, ಅಳತೆಯನ್ನು ಪ್ರಶ್ನಿಸುವವರೂ ಬೇಕು



ನಮ್ಮ ಸಂಘದ ವಿದ್ಯಾನಿಧಿಗೆ ಈ ವರ್ಷ ಬಂದ ಅರ್ಜಿಗಳಲ್ಲಿ ಒಂದನ್ನು "ನಿಯಮದಲ್ಲಿ ಅವಕಾಶವಿಲ್ಲ" ಎಂಬ ಷರಾ ಬರೆದು ಹಿಂದಿರುಗಿಸಲಾಗಿದೆ. ಅರ್ಜಿ ಹಾಕಿದವಳು ಮೂರೂವರೆ ಎಕರೆ ಅಡಿಕೆ, ಎರಡು ಎಕರೆ ರೊಬಸ್ಟಾ ಇರುವ ನಮ್ಮ ಸದಸ್ಯರೊಬ್ಬರ ಮಗಳು. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಎರಡು ವರ್ಷ ಅವಳು ಓದಬೇಕೆಂದಿರುವುದು, ದತ್ತಾಂಶವನ್ನು ನೆಚ್ಚಿ ನಡೆಯುವ ತಂತ್ರಜ್ಞಾನವು ಸಮಾಜದ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ವಿಷಯವನ್ನು. ನಮ್ಮ ನಿಯಮಾವಳಿಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ, ತೋಟಗಾರಿಕೆ ಇಷ್ಟೇ ಇವೆ. ಆಡಳಿತ ಮಂಡಳಿಯವರು ನಿಯಮದಂತೆ ನಡೆದುಕೊಂಡಿದ್ದಾರೆ. ಅವರ ಮೇಲೆ ನನ್ನ ದೂರಿಲ್ಲ. ನಿಯಮವನ್ನೇ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಓದಿನ ಹೆಸರು ಕೇಳಿದಾಗ ನಾನೂ ನಕ್ಕಿದ್ದೆ. "ಅಲ್ಲ ಮಾರಾಯ್ತಿ, ಕಂಪ್ಯೂಟರ್ ಕಲಿತರೆ ಕೆಲಸ ಸಿಕ್ಕೀತು. ಕಂಪ್ಯೂಟರಿನಿಂದ ಊರಿಗೇನಾಯಿತು ಎಂದು ಕಲಿಯುವುದಕ್ಕೂ ಎರಡು ವರ್ಷ ಬೇಕೇ?" ಎಂದು ಅವಳನ್ನೇ ಕೇಳಿದೆ. ಅವಳು ಜಗಳಕ್ಕೆ ಬರಲಿಲ್ಲ. "ದೊಡ್ಡಪ್ಪ, ನಿಮ್ಮ ವಿಮೆಯ ಕತೆ ಏನಾಯಿತು?" ಎಂದು ಕೇಳಿದಳು. ನಾನು ಸುಮ್ಮನಾದೆ.

ಆ ಕತೆ ನಿಮ್ಮಲ್ಲಿ ಅನೇಕರದ್ದೂ ಹೌದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಯಾರೂ ಬಂದು ನೋಡುವುದಿಲ್ಲ. ಮಳೆಮಾಪಕ ಕೊಟ್ಟ ಅಂಕಿಯನ್ನು ಮೊದಲೇ ಗೊತ್ತುಮಾಡಿದ ಪಟ್ಟಿಯ ಪಕ್ಕದಲ್ಲಿಟ್ಟು, ಇಂತಿಷ್ಟು ದಿನ ಇಂತಿಷ್ಟು ಮಳೆ ಬಿದ್ದಿದ್ದರೆ ಪರಿಹಾರ, ಇಲ್ಲವಾದರೆ ಇಲ್ಲ. ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ನಮ್ಮ ಮಗ್ಗುಲಿಗೆ ಬಿಡದೆ ಸುರಿಯಿತು. ಎರಡನೆಯ ಸಲ ಬೋರ್ಡೋ ಹೊಡೆಯಲು ಒಂದು ದಿನದ ಹೊಳವು ಸಿಗಲಿಲ್ಲ. ಅರ್ಧ ಫಸಲು ಕೊಳೆರೋಗಕ್ಕೆ ಹೋಯಿತು. ನಮ್ಮ ಲೆಕ್ಕಕ್ಕೆ ಹಿಡಿದ ಮಾಪಕವಿದ್ದದ್ದು ಗುಡ್ಡದ ಆಚೆ ಮಗ್ಗುಲಲ್ಲಿ, ಮಳೆಯ ನೆರಳಿನಲ್ಲಿ. ಅಲ್ಲಿನ ಅಂಕಿ ಗೆರೆ ದಾಟಲಿಲ್ಲ. ನಮ್ಮ ತಂದೆಯವರ ಕಾಲದಿಂದ ಇಂಚು ಸೆಂಟ್ಸಿನಲ್ಲಿ ಬರೆದುಕೊಂಡು ಬಂದ ಮಳೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ. "ಮೇಲಿಂದ ಬಂದ ಲೆಕ್ಕ, ನಮ್ಮ ಕೈಯಲ್ಲಿಲ್ಲ" ಎಂದರು. ಯಾರ ಕೈಯಲ್ಲಿದೆ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ.

ಹುಡುಗಿ ಹೇಳಿದ್ದು ಇಷ್ಟು: "ಮಳೆಮಾಪಕ ಸುಳ್ಳು ಹೇಳಲಿಲ್ಲ, ದೊಡ್ಡಪ್ಪ. ತಾನಿದ್ದ ಜಾಗದ ಮಳೆಯನ್ನು ಸರಿಯಾಗಿಯೇ ಅಳೆಯಿತು. ಅದೇ ನಿಮ್ಮ ತೋಟದ ಮಳೆ ಎಂದು ತೀರ್ಮಾನಿಸಿದವರು ಯಾರು? ಆ ತೀರ್ಮಾನವನ್ನು ಪ್ರಶ್ನಿಸಲು ನಿಮಗೆ ದಾರಿ ಇತ್ತೇ? ನಾನು ಓದಬೇಕೆಂದಿರುವುದು ಅದನ್ನೇ."

ಅಂದಿನಿಂದ ನಾನು ಈ ವಿಷಯವಾಗಿ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ತಿಳಿದದ್ದರಲ್ಲಿ ಕೆಲವನ್ನು ಸದಸ್ಯರ ಮುಂದಿಡುತ್ತೇನೆ.

ಆಸ್ಟ್ರೇಲಿಯಾದಲ್ಲಿ ನಡೆದದ್ದು ತೋಟಗಾರನಿಗೆ ತಟ್ಟನೆ ಅರ್ಥವಾಗುವಂಥದ್ದು. ಅಲ್ಲಿ ಕೆಲಸವಿಲ್ಲದವರಿಗೆ, ಓದುವ ಮಕ್ಕಳಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಸಹಾಯಧನ ಕೊಡುತ್ತದೆ. ಆ ಎರಡು ವಾರದಲ್ಲಿ ಸಂಪಾದನೆಯಾಗಿದ್ದರೆ ಅದಕ್ಕೆ ತಕ್ಕಂತೆ ಕಡಿತ. 2016ರಿಂದ ಈ ಲೆಕ್ಕದ ತಪಾಸಣೆಯನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಅದು ತೆರಿಗೆ ಇಲಾಖೆಯಲ್ಲಿದ್ದ ವರ್ಷದ ವರಮಾನವನ್ನು ತೆಗೆದುಕೊಂಡು 26ರಿಂದ ಭಾಗಿಸಿ, ಎರಡು ವಾರಕ್ಕೆ ನಿಮ್ಮ ಸಂಪಾದನೆ ಇಷ್ಟು ಎಂದು ಸಾಧಿಸಿತು. ಮೂರು ತಿಂಗಳು ದುಡಿದು ಉಳಿದ ಕಾಲ ಕೆಲಸವಿಲ್ಲದೆ ಕುಳಿತವನೂ ವರ್ಷವಿಡೀ ಸಂಪಾದಿಸಿದವನಂತೆ ಕಂಡ. "ನೀವು ಹೆಚ್ಚು ಹಣ ಪಡೆದಿದ್ದೀರಿ, ಹಿಂದಿರುಗಿಸಿ" ಎಂಬ ನೋಟೀಸು ಲಕ್ಷಾಂತರ ಜನರಿಗೆ ಹೋಯಿತು. ತಪ್ಪಿಲ್ಲವೆಂದು ತೋರಿಸುವ ಹೊರೆಯೂ ಅವರ ತಲೆಗೇ ಬಿತ್ತು.

ಒಂದು ವರ್ಷಕ್ಕೆ 104 ಇಂಚು ಮಳೆ ಬಿದ್ದರೆ ವಾರಕ್ಕೆ ಸರಾಸರಿ 2 ಇಂಚು. ಹಾಗೆಂದು ಫೆಬ್ರವರಿಯಲ್ಲಿ ವಾರಕ್ಕೆ ಎರಡೆರಡು ಇಂಚು ಬಿತ್ತೆಂದು ಯಾರಾದರೂ ಹೇಳಿದರೆ ನಮ್ಮ ತೋಟದ ಆಳುಮಕ್ಕಳೂ ನಗುತ್ತಾರೆ. ಸರಿಯಾದ ವೇಳೆಗೆ ಬಂದ ಒಂದು ಇಂಚು ಹೂಮಳೆಯ ಬೆಲೆ ಜುಲೈ ತಿಂಗಳ ನಲವತ್ತು ಇಂಚಿಗಿಲ್ಲ. ಇಷ್ಟು ಸರಳವಾದ ತಪ್ಪನ್ನು ಒಂದು ದೊಡ್ಡ ಸರ್ಕಾರ ಸುಮಾರು ನಾಲ್ಕು ವರ್ಷ ನಡೆಸಿತು. 2019ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ಈ ಲೆಕ್ಕ ನಿಲ್ಲಲಿಲ್ಲ. 2020ರಲ್ಲಿ ಸರ್ಕಾರ 72 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಹಿಂದಿರುಗಿಸಲು ಒಪ್ಪಿತು. 2023ರಲ್ಲಿ ವಿಚಾರಣಾ ಆಯೋಗದ ವರದಿ ಇಡೀ ಯೋಜನೆಯನ್ನು ಕಟುವಾಗಿ ಖಂಡಿಸಿತು. ನೆದರ್‌ಲ್ಯಾಂಡಿನಲ್ಲಿಯೂ ಮಕ್ಕಳ ಪಾಲನೆಯ ಸಹಾಯಧನದ ವಿಷಯದಲ್ಲಿ ಸಾವಿರಾರು ತಂದೆತಾಯಿಗಳನ್ನು ವಂಚಕರೆಂದು ತಪ್ಪಾಗಿ ಗುರುತಿಸಿ, 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು.

ಎರಡೂ ಕಡೆ ಯಂತ್ರ ಕೆಟ್ಟಿರಲಿಲ್ಲ, ಹೇಳಿಕೊಟ್ಟಂತೆಯೇ ನಡೆಯಿತು. ಹೇಳಿಕೊಟ್ಟದ್ದೇ ತಪ್ಪು ಎಂದು ತೋರಿಸಲು ಲೆಕ್ಕವೂ ಬರಬೇಕು, ಕಾನೂನೂ ತಿಳಿದಿರಬೇಕು, ಜನರ ಬದುಕನ್ನೂ ಬಲ್ಲವರಾಗಿರಬೇಕು. ಈ ಮೂರನ್ನೂ ಒಟ್ಟಿಗೆ ಕಲಿಸುವುದೇ ಈ ಓದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಟರ್‌ನೆಟ್ಟಿನ ಸಾಮಾಜಿಕ ಅಧ್ಯಯನಕ್ಕೆಂದೇ ಒಂದು ಸಂಸ್ಥೆ 2001ರಲ್ಲಿ ಹುಟ್ಟಿತು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಡಿಜಿಟಲ್ ಸೊಸೈಟಿ ಎಂಬ ಹೆಸರಿನಲ್ಲಿ ಎಂ.ಎಸ್ಸಿ. ಪದವಿಯನ್ನು ರೂಪಿಸಿತು. ಗಾಳಿಮಾತಿನ ವಿದ್ಯೆ ಇದಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ 'ಭೂಮಿ' ಇದೆ. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2001ರ ಹೊತ್ತಿಗೆ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತೆ ಮಾಡಿದರು. ಒಂದು ಪಹಣಿಗಾಗಿ ವಾರಗಟ್ಟಲೆ ಅಲೆದ ನಮ್ಮಂಥವರು ಆ ಉಪಕಾರವನ್ನು ಮರೆಯಲಾಗದು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಅಧ್ಯಯನವೂ ಓಡಾಟ, ಲಂಚ ಎರಡೂ ಕಡಿಮೆಯಾದುದನ್ನು ಕಂಡಿತು. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೊಂದು ಪ್ರಶ್ನೆ ಹಾಕಿಕೊಂಡು ಬೆಂಗಳೂರಿನ ಸುತ್ತ ಹೋದರು: ದಾಖಲೆಯೆಲ್ಲ ಒಂದೆಡೆ ಸೇರಿದ್ದರಿಂದ ಯಾರಿಗೆ ಅನುಕೂಲವಾಯಿತು? ದೊಡ್ಡ ದೊಡ್ಡ ಭೂಮಿ ಕೊಳ್ಳುವವರಿಗೆ ಹಾದಿ ಸುಗಮವಾಯಿತು, ಸಣ್ಣವನಿಗೆ ಮೊದಲಿದ್ದ ಸ್ಥಳೀಯ ಹಿಡಿತ ತಪ್ಪಿತು ಎಂಬುದು ಅವರ ವಾದ. ಒಂದೇ ಯೋಜನೆ, ಎರಡು ಅಧ್ಯಯನ, ಎರಡು ಉತ್ತರ. ಎರಡನ್ನೂ ಓದಿ ತೂಗಿ ನೋಡಬಲ್ಲವರು ನಮ್ಮವರಲ್ಲಿ ಎಷ್ಟು ಮಂದಿ?

ಮುಂದೆ ಬರಲಿರುವುದು ಇನ್ನೂ ದೊಡ್ಡದು. ದೇಶದಲ್ಲಿ ಬೆಳೆಯುವ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿ ಯೂರೋಪಿನ ಪಾಲು ದೊಡ್ಡದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳಬಾರದೆಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆಯಾದರೂ ಕಾನೂನು ಹೋಗಿಲ್ಲ. ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಜಾಗ ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಿನ ಗಡಿಯನ್ನೇ ಗುರುತಿಸಬೇಕು. ಆ ಗುರುತನ್ನು ಉಪಗ್ರಹದ ಚಿತ್ರದ ಮೇಲಿಟ್ಟು ಕಾಡು ಕಡಿದಿದೆಯೇ ಎಂದು ನೋಡುತ್ತಾರೆ.

ಇಲ್ಲಿಯೇ ನಮ್ಮ ಕಷ್ಟ. ನಮ್ಮ ಕಾಫಿ ಇರುವುದು ಮರದ ನೆರಳಿನಲ್ಲಿ. ಹಲಸು, ಅತ್ತಿ, ಸಿಲ್ವರ್ ಓಕ್ ಇವುಗಳ ತಲೆ ಮಾತ್ರ ಮೇಲಿನಿಂದ ಕಾಣುತ್ತದೆ. ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ. ಮರದಡಿಯ ಬೇಸಾಯ ಕೃಷಿಯೇ ಹೊರತು ಕಾಡಲ್ಲವೆಂದು ಆ ಕಾನೂನೇ ಒಪ್ಪುತ್ತದೆ. ಆದರೆ ಕಾನೂನು ಒಪ್ಪಿದ್ದು ಚಿತ್ರ ಓದುವ ಯಂತ್ರಕ್ಕೆ ಗೊತ್ತಾಗಬೇಕಲ್ಲ! ನೆರಳು ಹದಮಾಡಲು ನಾವು ನಾಲ್ಕು ಮರ ತೆಗೆದರೆ ಅದು "ಕಾಡು ನಾಶ" ಎಂದು ಕೆಂಪು ಗುರುತು ಬಿದ್ದೀತು. ಆಗ ನಮ್ಮ ಪರವಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಆಧಾರ ಸಹಿತ ವಾದಿಸುವವರು ಯಾರು? ಕಾಫಿ ಮಂಡಳಿಯವರು ತಮ್ಮ ಕೈಲಾದುದನ್ನು ಮಾಡಿಯಾರು. ಆದರೆ ನಮ್ಮ ತೋಟವನ್ನು ಕಾಲಲ್ಲಿ ನಡೆದು ಬಲ್ಲವರು ನಮ್ಮ ಮಕ್ಕಳೇ.

ಇನ್ನು ಈ ಸಲಹೆಗೆ ಬರಬಹುದಾದ ಆಕ್ಷೇಪಣೆಗಳು.

ಮೊದಲನೆಯದು, ಇದು ಯಂತ್ರವಿರೋಧಿಗಳ ಓದು ಎಂಬುದು. ಹಾಗಲ್ಲ. ದೋಟಿ ಬಂದಾಗ, ಸುಲಿಯುವ ಯಂತ್ರ ಬಂದಾಗ ನಾವು ಬೇಡವೆನ್ನಲಿಲ್ಲ. ಕಾಯಿ ಪುಡಿಯಾದರೆ ಬ್ಲೇಡಿನ ಅಂತರ ಸರಿಮಾಡಿಕೊಂಡೆವು. ಅಂಕಿಗಳ ಯಂತ್ರದ ಅಂತರ ಸರಿಮಾಡುವುದು ಸ್ಪ್ಯಾನರಿನಿಂದ ಆಗುವುದಿಲ್ಲ, ಅಷ್ಟೇ.

ಎರಡನೆಯದು, ಒಬ್ಬ ಸಾಮಾನ್ಯ ಮನುಷ್ಯನಿಂದ ಏನಾದೀತು ಎಂಬುದು. ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ್ದು ಅವರ ಹೆಸರಿನ ಪ್ರಕರಣದಲ್ಲಿಯೇ. ಜಾರ್ಖಂಡಿನಲ್ಲಿ ಬೆರಳಚ್ಚು ಹೊಂದದೆ ಪಡಿತರ ತಪ್ಪಿದ ಬಡವರ ಸ್ಥಿತಿ ದೇಶಕ್ಕೆ ತಿಳಿದದ್ದು, ಜೀನ್ ಡ್ರೇಜ್, ರೀತಿಕಾ ಖೇರಾ ಮೊದಲಾದವರು ಮನೆಮನೆಗೆ ಹೋಗಿ ಕೇಳಿ ಬರೆದದ್ದರಿಂದ. ನಮ್ಮಲ್ಲಿಯೂ ಅಡಿಕೆ ಸುಲಿದು ಬೆರಳಿನ ಗೆರೆ ಸವೆದ ಹೆಂಗಸರಿದ್ದಾರೆ. ಅವರನ್ನು ಯಾರು ಕೇಳಿ ಬರೆದಿದ್ದಾರೆ?

ಮೂರನೆಯದೇ ನಿಜವಾದ ಆಕ್ಷೇಪಣೆ: ಸಂಘದ ದುಡ್ಡಿನಲ್ಲಿ ಓದಿ, ಹೊರದೇಶದಲ್ಲಿ ಕೆಲಸ ಹಿಡಿದು ಹೋದರೆ ನಮಗೇನು ಬಂತು? ಈ ಮಾತನ್ನು ತಳ್ಳಿಹಾಕಲಾರೆ. ಎಂಜಿನಿಯರಿಂಗ್ ಓದಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಊರಿನಲ್ಲಿದ್ದಾರೆ ಎಂದು ನಾವು ಎಂದೂ ಕೇಳಿಲ್ಲವಾದರೂ, ಕೇಳಬೇಕಾದ ಪ್ರಶ್ನೆಯೇ ಇದು. ಆದ್ದರಿಂದ ನನ್ನ ಸಲಹೆಗೆ ಷರತ್ತುಗಳಿವೆ. ವರ್ಷಕ್ಕೆ ಒಬ್ಬರಿಗೆ ಮಾತ್ರ. ಅರ್ಧ ಸಹಾಯಧನ, ಅರ್ಧ ಬಡ್ಡಿಯಿಲ್ಲದ ಸಾಲ. ಓದಿನ ಕೊನೆಯಲ್ಲಿ ಬರೆಯಬೇಕಾದ ಪ್ರಬಂಧದ ವಿಷಯ ನಮ್ಮ ಸೀಮೆಯದೇ ಆಗಿರಬೇಕು: ಮಳೆಮಾಪಕ ಮತ್ತು ವಿಮೆ, ಬೆಳೆ ಸಮೀಕ್ಷೆ, ಉಪಗ್ರಹ ಮತ್ತು ನೆರಳು ಮರ, ಇಂಥದ್ದು. ಅದರ ಸಾರವನ್ನು ನಮಗೆ ತಿಳಿಯುವ ಕನ್ನಡದಲ್ಲಿ ಇದೇ ಪತ್ರಿಕೆಗೆ ಬರೆದುಕೊಡಬೇಕು, ಮಹಾಸಭೆಯಲ್ಲಿ ನಿಂತು ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಇದಕ್ಕೆ ಒಪ್ಪಿದರೆ ಅರ್ಧ ಸಾಲವನ್ನು ಮನ್ನಾ ಮಾಡುವ ವಿಚಾರವನ್ನೂ ಮಂಡಳಿ ಯೋಚಿಸಬಹುದು.

ಕೊನೆಯದಾಗಿ ಇನ್ನೊಂದು. ನಮ್ಮ ಸಂಘದ ಕಂಪ್ಯೂಟರಿನಲ್ಲಿಯೂ ನಮ್ಮೆಲ್ಲರ ಲೆಕ್ಕವಿದೆ. ಯಾರು ಎಷ್ಟು ಮಾಲು ತಂದರು, ಯಾವ ದರ್ಜೆ ಬಿತ್ತು, ಯಾರ ಸಾಲ ಬಾಕಿ ಎಲ್ಲವೂ. ಈ ಲೆಕ್ಕ ಯಾರಿಗೆ ತೋರಿಸಬಹುದು, ತಪ್ಪಿದ್ದರೆ ತಿದ್ದಿಸುವುದು ಹೇಗೆ ಎಂಬ ನಿಯಮ ನನಗೆ ತಿಳಿದಂತೆ ಎಲ್ಲಿಯೂ ಬರೆದಿಲ್ಲ. ಬೇರೆಯವರ ಲೆಕ್ಕವನ್ನು ಪ್ರಶ್ನಿಸುವ ಮೊದಲು ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಡವೇ? ಆ ಹುಡುಗಿಯ ಮೊದಲ ಪ್ರಶ್ನೆ ನಮ್ಮ ಸಂಘಕ್ಕೇ ಬಂದರೂ ಬೇಸರ ಬೇಡ.

ಮಹಾಸಭೆಯಲ್ಲಿ ಈ ತಿದ್ದುಪಡಿಯನ್ನು ನಾನು ಸೂಚಿಸಲಿದ್ದೇನೆ. ಅನುಮೋದಿಸುವವರು ಒಬ್ಬರು ಬೇಕು. ವಿರೋಧವಿದ್ದವರೂ ದಯವಿಟ್ಟು ಬನ್ನಿ, ಮಾತಾಡೋಣ. ನನ್ನ ಮಳೆ ಪುಸ್ತಕವನ್ನೂ ತರುತ್ತೇನೆ. ಅಲ್ಲಿಯಾದರೂ ಯಾರಾದರೂ ಬಿಡಿಸಿ ನೋಡಿಯಾರು.

— ಒಬ್ಬ ಸದಸ್ಯ