ಅಪರೂಪದ ಗಿಡಗಳೂ ಮದುವೆಯ ಹಕ್ಕೂ

“ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ” ಎಂಬ ಗಾದೆಯನ್ನು ನಮ್ಮ ಹಿರಿಯರು ಸಾಮಾನ್ಯವಾಗಿ ಬೈಗುಳದಂತೆಯೇ ಬಳಸುತ್ತಾರೆ. ಹತ್ತು ಜನ ನಡೆದ ದಾರಿಯನ್ನು ಬಿಟ್ಟವನು ಒಂದೋ ಹುಂಬ, ಇಲ್ಲವೇ ಹಟಮಾರಿ ಎಂಬುದು ಅದರ ಒಳ ಅರ್ಥ. ಆದರೆ ಆ ಪೋರನ ದಾರಿಯು ಯಾರ ಹೊಲವನ್ನೂ ತುಳಿಯದೆ ಹೋಗುವುದಾದರೆ ಊರಿಗೆ ಆಗುವ ನಷ್ಟವೇನೆಂದು ಕೇಳಿದವರು ಕಡಿಮೆ. ಅದನ್ನು ಕೇಳುವುದೇ ಈ ಲೇಖನದ ಉದ್ದೇಶ. ನನಗೆ ಎರಡು ಹವ್ಯಾಸಗಳುಂಟು. ಒಂದು, ಮನೆಯಲ್ಲಿ ಅಪರೂಪದ ಗಿಡಗಳನ್ನು ಬೆಳೆಸುವುದು. ಇನ್ನೊಂದು, ಒಂದೇ ಲಿಂಗದ ಇಬ್ಬರು ವಿವಾಹವಾಗುವ ಹಕ್ಕಿಗಾಗಿ ನಮ್ಮ ದೇಶದಲ್ಲಿ ನಡೆದಿರುವ ಹೋರಾಟದ ಸುದ್ದಿಯನ್ನು ಬಿಡದೆ ಓದುವುದು. ಮೊದಲನೆಯದನ್ನು ಕಂಡು ಗೆಳೆಯರು ನಗುತ್ತಾರೆ. ಎರಡನೆಯದನ್ನು ಕೇಳಿ ಮಾತು ಬದಲಿಸುತ್ತಾರೆ. ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಇದೆಯೆಂದೇ ನನ್ನ ಅಭಿಪ್ರಾಯ.

ನಮ್ಮದು ಕೂಲಿಯನ್ನು ನಂಬಿದ ಮನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ತೋಟವಿಲ್ಲ, ಹಿತ್ತಿಲೆಂದರೆ ನಾಲ್ಕು ಮಾರು ಜಾಗ. ಒಡೆದ ಕೊಡ, ಎಣ್ಣೆಯ ಡಬ್ಬ, ಬಣ್ಣದ ಬಕೆಟ್ಟು, ಇವೇ ನನ್ನ ಕುಂಡಗಳು. “ತಿನ್ನುವ ಕಾಯಿ ಬಿಡದ ಗಿಡಕ್ಕೆ ನೀರೇಕೆ?” ಎಂದು ತಂದೆಯವರು ಕೇಳುವುದುಂಟು. ನಾನು ಊರಿನಲ್ಲಿಲ್ಲದ ದಿನ ಅವಕ್ಕೆ ನೀರು ಹಾಕುವವರೂ ಅವರೇ.

ಈ ಕುಂಡಗಳಲ್ಲಿ ಮೂರನ್ನು ಮಾತ್ರ ವಾಚಕರಿಗೆ ಪರಿಚಯ ಮಾಡಿಕೊಡುತ್ತೇನೆ. ಮೊದಲನೆಯದು ಡ್ರೊಸೆರಾ ಎಂಬ ಕೀಟಾಹಾರಿ ಸಸ್ಯ. ನಮ್ಮ ಪಶ್ಚಿಮಘಟ್ಟದ ಸೀಮೆಯಲ್ಲಿ ಮಳೆಗಾಲದ ಒದ್ದೆ ನೆಲದಲ್ಲಿ, ಸಾರವಿಲ್ಲದ ಕೆಂಪುಕಲ್ಲಿನ ಬಯಲಿನಲ್ಲಿ ಇದು ಬೆಳೆಯುತ್ತದೆ. ಎಲೆಯ ಮೇಲೆಲ್ಲ ಕೂದಲು. ಪ್ರತಿ ಕೂದಲ ತುದಿಯಲ್ಲೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ನೆಲದಲ್ಲಿ ಸಿಗದ ಸಾರಜನಕವನ್ನು ಅದು ಅಂಟಿಗೆ ಸಿಕ್ಕ ಹುಳುವಿನಿಂದ ಪಡೆಯುತ್ತದೆ. ಇದಕ್ಕೆ ಗೊಬ್ಬರ ಹಾಕಬಾರದು. ಉಪ್ಪಿನಂಶದ ಕೊಳವೆಬಾವಿಯ ನೀರೂ ಆಗದು. ಮಳೆಯ ನೀರನ್ನು ಕೊಡದಲ್ಲಿ ಹಿಡಿದಿಟ್ಟು ಹಾಕುತ್ತೇನೆ. ಎರಡನೆಯದು ಸೀತಾಳೆ. ರಸ್ತೆ ಅಗಲ ಮಾಡಲು ಕಡಿದುರುಳಿಸಿದ್ದ ಮರದ ಕೊಂಬೆಯೊಂದಿಗೇ ಅದನ್ನು ಹೊತ್ತು ತಂದೆ. ಅದು ಇಂದಿಗೂ ಆ ತುಂಡಿನ ಮೇಲೆಯೇ ಇದ್ದು ಮುಂಗಾರಿನ ಹೊತ್ತಿಗೆ ದಂಡೆಯಂತಹ ಹೂಗೊಂಚಲನ್ನು ಬಿಡುತ್ತದೆ. ಮೂರನೆಯದು ನಾವೆಲ್ಲ ಬ್ರಹ್ಮಕಮಲವೆಂದು ಕರೆಯುವ ಗಿಡ. ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಇದರ ಹೂವಿಗೆ ಓಣಿಯವರು ಬಂದು ಅರಿಸಿನ ಕುಂಕುಮವಿಟ್ಟು ಕೈಮುಗಿಯುತ್ತಾರೆ.

ಇನ್ನು ಹೋರಾಟದ ಮಾತು. ೨೦೨೩ರ ಏಪ್ರಿಲ್ ೧೮ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಈ ಮೊಕದ್ದಮೆಯ ವಿಚಾರಣೆ ಆರಂಭವಾದಾಗ ನಾನು ಪಿ.ಯು.ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಕಲಾಪವನ್ನು ನೇರವಾಗಿ ಪ್ರಸಾರ ಮಾಡುತ್ತಿದ್ದರು. ಫೋನನ್ನು ಕಿಟಕಿಯಲ್ಲಿಟ್ಟು, ಡಬ್ಬಗಳ ಮಣ್ಣು ಬದಲಿಸುತ್ತ, ಹತ್ತು ದಿನಗಳ ವಾದವನ್ನು ಸಾಧ್ಯವಾದಷ್ಟು ಕೇಳಿದೆ. ಆ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಮರುದಿನ ವಾಚನಾಲಯದ ಕನ್ನಡ ಪತ್ರಿಕೆಯಲ್ಲಿ ಹುಡುಕುತ್ತಿದ್ದೆ. ಇಬ್ಬರು ವಯಸ್ಕರು, ಯಾವ ಲಿಂಗದವರಾದರೂ ಸರಿ, ೧೯೫೪ರ ವಿಶೇಷ ವಿವಾಹ ಶಾಸನದ ಕೆಳಗೆ ವಿವಾಹವಾಗಲು ಅವಕಾಶವಿರಬೇಕೆಂಬುದು ಅರ್ಜಿದಾರರ ಮುಖ್ಯ ಕೋರಿಕೆಯಾಗಿತ್ತು.

ಇದರ ಹಿಂದಿನ ಕಥೆ ದೀರ್ಘವಾದುದು. ೧೮೬೦ರಲ್ಲಿ ಬ್ರಿಟಿಷರು ರಚಿಸಿದ ದಂಡಸಂಹಿತೆಯ ೩೭೭ನೆಯ ವಿಧಿಯು “ಪ್ರಕೃತಿಯ ಕ್ರಮಕ್ಕೆ ವಿರುದ್ಧ” ಎಂಬ ಮಾತಿನಿಂದ ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುವಂತೆ ಮಾಡಿತು. ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ವಯಸ್ಕರ ಒಪ್ಪಿಗೆಯ ಸಂಬಂಧಗಳನ್ನು ಅದರಿಂದ ಹೊರಗಿಟ್ಟಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕೊನೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯದ ಐವರ ಪೀಠವು ಇದು ಅಪರಾಧವಲ್ಲವೆಂದು ಒಮ್ಮತದಿಂದ ಸಾರಿತು. ಆದರೆ ಮದುವೆಯ ಮೊಕದ್ದಮೆಯಲ್ಲಿ ಫಲ ಬೇರೆಯಾಯಿತು. ೨೦೨೩ರ ಅಕ್ಟೋಬರ್ ೧೭ರಂದು ಹೊರಬಿದ್ದ ತೀರ್ಪಿನಲ್ಲಿ, ವಿವಾಹವೆಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವೆಂದೂ, ಶಾಸನವನ್ನು ತಿದ್ದುವುದು ನ್ಯಾಯಾಲಯದ ಕೆಲಸವಲ್ಲವೆಂದೂ ಐವರೂ ಹೇಳಿದರು. ಮದುವೆಯಲ್ಲದ ಬೇರೊಂದು ಬಗೆಯ ಮಾನ್ಯತೆಯನ್ನಾದರೂ ಇಂತಹ ಜೋಡಿಗಳಿಗೆ ಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಇಬ್ಬರೇ ಅಭಿಪ್ರಾಯಪಟ್ಟರು. ಉಳಿದ ಮೂವರು ಒಪ್ಪಲಿಲ್ಲ. ಲಿಂಗಪರಿವರ್ತಿತರು ಗಂಡು ಹೆಣ್ಣೆಂಬ ಜೋಡಿಯಾಗಿ ಈಗಿರುವ ಶಾಸನದಂತೆಯೇ ವಿವಾಹವಾಗಬಹುದೆಂಬುದಷ್ಟೇ ಖಚಿತವಾಯಿತು. ೨೦೨೫ರ ಜನವರಿ ೯ರಂದು ಪುನರ್‌ಪರಿಶೀಲನೆಯ ಅರ್ಜಿಗಳೂ ವಜಾ ಆದವು.

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಕಾಣಬೇಕು. ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಿಡವನ್ನು ಕಳೆಯೆಂದು ಕೀಳದಿರುವುದು ಒಂದು. ಅದನ್ನು ಗಿಡವೆಂದು ಒಪ್ಪಿ, ಪಾತಿ ಮಾಡಿ, ಬೇಲಿಯೊಳಗೆ ಸೇರಿಸಿಕೊಳ್ಳುವುದು ಇನ್ನೊಂದು. ೨೦೧೮ರ ತೀರ್ಪು ಕೀಳುವ ಕೈಯನ್ನು ತಡೆಯಿತು. ಅದು ಸಣ್ಣ ಕೆಲಸವಲ್ಲ. ಆದರೆ ಪಾತಿಯೂ ಬೇಲಿಯೂ ಇಲ್ಲದ ಗಿಡ ಮೊದಲ ಬೇಸಗೆಯಲ್ಲೇ ಒಣಗುತ್ತದೆ, ಇಲ್ಲವೇ ದನದ ಬಾಯಿಗೆ ಸಿಕ್ಕುತ್ತದೆ.

ಇದು ಬರಿಯ ಉಪಮೆಯಲ್ಲ. ನಮ್ಮ ಊರಿನಲ್ಲಿ ಇಬ್ಬರು ಹೆಂಗಸರು ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದರು. ಒಬ್ಬರು ಮದುವೆಯಾಗಿರಲಿಲ್ಲ, ಇನ್ನೊಬ್ಬರು ಗಂಡನ ಮನೆಯನ್ನು ಬಿಟ್ಟು ಬಂದವರು. ಹೊಲಿಗೆಯಿಂದ ಸಂಪಾದಿಸಿ, ಇಬ್ಬರ ದುಡಿಮೆಯಲ್ಲಿ ಹೆಂಚಿನ ಮನೆಯೊಂದನ್ನು ಕಟ್ಟಿದರು. ಅವರ ಸಂಬಂಧಕ್ಕೆ ಏನು ಹೆಸರೆಂದು ಊರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು, ನಮ್ಮಂತಹ ಮಕ್ಕಳ ಅಂಗಿಯನ್ನು ಅವರೇ ಹೊಲಿಯುತ್ತಿದ್ದರು. ಹಿರಿಯಾಕೆ ತೀರಿಕೊಂಡಾಗ ಹತ್ತು ವರ್ಷದಿಂದ ಹೊಸಿಲು ತುಳಿಯದ ಅಣ್ಣನ ಮಕ್ಕಳು ಕಾಗದಪತ್ರ ಹಿಡಿದು ಬಂದರು. ಮನೆಯ ಖಾತೆ ಹಿರಿಯಾಕೆಯ ಹೆಸರಿನಲ್ಲಿತ್ತು. ಹದಿಮೂರನೆಯ ದಿನಕ್ಕೆ ಕಿರಿಯಾಕೆ ಹೊಲಿಗೆಯ ಯಂತ್ರವೊಂದನ್ನು ಎತ್ತಿಕೊಂಡು ಹೊರಬಿದ್ದರು. ಆ ಹುಡುಗರು ಶಾಸನವನ್ನೇನೂ ಮೀರಲಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ಪಟ್ಟಿಯಲ್ಲಿ ಗಂಡನುಂಟು, ಮಕ್ಕಳುಂಟು, ತಂದೆಯ ಕಡೆಯ ವಾರಸುದಾರರುಂಟು. ಮೂವತ್ತು ವರ್ಷ ಜತೆಗೆ ಬಾಳಿದ ಗೆಳತಿಗೆ ಜಾಗವಿಲ್ಲ. ಉಯಿಲು ಬರೆದಿಡಬಹುದಿತ್ತಲ್ಲ ಎನ್ನಬಹುದು. ಬರೆಯಬಹುದಿತ್ತು. ಆದರೆ ನಮ್ಮ ಊರಿನ ಯಾವ ಗಂಡಹೆಂಡಿರು ಉಯಿಲು ಬರೆದಿದ್ದಾರೆ? ಅವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಮದುವೆಯೆಂಬ ಒಂದು ಮಾತಿನೊಳಗೆ ಶಾಸನವು ಅಷ್ಟನ್ನೂ ಅವರಿಗೆ ತಾನಾಗಿ ಕಟ್ಟಿಕೊಟ್ಟಿದೆ.

ಈ ಹಕ್ಕಿಗೆ ಎದುರಾಗಿ ಕೇಳಿಬರುವ ಆಕ್ಷೇಪಣೆಗಳು ಮುಖ್ಯವಾಗಿ ನಾಲ್ಕು. ಅವುಗಳನ್ನು ಒಂದೊಂದಾಗಿ ನೋಡೋಣ.

ಇದು ಪಟ್ಟಣದ ಅನುಕೂಲಸ್ಥರ ಗೀಳು, ಪರದೇಶದ ಸರಕು ಎಂಬುದು ಮೊದಲನೆಯದು. ನಗರದ ಗಣ್ಯರ ದೃಷ್ಟಿಯೆಂಬ ಅರ್ಥದ ಮಾತನ್ನು ೨೦೨೩ರಲ್ಲಿ ಕೇಂದ್ರ ಸರ್ಕಾರವೂ ನ್ಯಾಯಾಲಯದ ಮುಂದಿಟ್ಟಿತು. ಮೇಲೆ ಹೇಳಿದ ಹೊಲಿಗೆಯ ಹೆಂಗಸರು ಯಾವ ಪಟ್ಟಣವನ್ನು ಕಂಡಿದ್ದರೋ ನಾನರಿಯೆ. ಇನ್ನು ಪರದೇಶದ ಮಾತು. ನಾವು ಕೈಮುಗಿಯುವ ಬ್ರಹ್ಮಕಮಲವು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆಯ ಕಳ್ಳಿಯ ಜಾತಿ; ಹಿಮಾಲಯದ ಬ್ರಹ್ಮಕಮಲ ಬೇರೆಯೇ ಸಸ್ಯ. ಮದುವೆಯ ಚಪ್ಪರಕ್ಕೆ ಕಟ್ಟುವ ಚೆಂಡುಹೂವೂ ಅಮೆರಿಕ ಖಂಡದಿಂದಲೇ ಬಂದದ್ದು. ನಮ್ಮದಾಗಿಸಿಕೊಂಡದ್ದು ನಮ್ಮದಾಯಿತು. ವಿಚಾರ ಮಾಡಿದರೆ, ಸಲಿಂಗ ಪ್ರೇಮಕ್ಕೆ ಜೈಲೆಂದು ಬರೆದ ೩೭೭ನೆಯ ವಿಧಿಯೇ ಪರದೇಶದ ಸರಕು. ಆ ದಂಡಸಂಹಿತೆಗೆ ಬದಲಾಗಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಇಲ್ಲ.

ಎರಡನೆಯದು, ಇದರಿಂದ ವಿವಾಹವೆಂಬ ಸಂಸ್ಥೆಯೇ ಸೊರಗುವುದೆಂಬ ಭಯ. ಸೀತಾಳೆಯನ್ನು ಕಂಡವರೂ ಹೀಗೆಯೇ ಹೇಳುತ್ತಾರೆ: “ಇದು ಬದನಿಕೆ, ಮರದ ರಸವನ್ನು ಹೀರುತ್ತದೆ.” ಬದನಿಕೆ ನಿಜವಾಗಿಯೂ ಹೀರುತ್ತದೆ. ಸೀತಾಳೆ ಹೀರುವುದಿಲ್ಲ. ಅದು ಮರದ ಮೇಲೆ ಕೂರಲು ಜಾಗವನ್ನಷ್ಟೇ ಬೇಡುತ್ತದೆ. ಗಾಳಿಯಲ್ಲಿ ಚಾಚಿದ ಬೇರಿನಿಂದ ಮಳೆಯ ನೀರನ್ನು ಹಿಡಿದು ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುತ್ತದೆ. ಪಕ್ಕದ ಮನೆಯ ಇಬ್ಬರು ಗಂಡಸರು ವಿವಾಹವನ್ನು ನೋಂದಾಯಿಸಿಕೊಂಡರೆ ನನ್ನ ತಂದೆತಾಯಿಗಳ ದಾಂಪತ್ಯದಿಂದ ಕಡಿಮೆಯಾಗುವುದೇನು? ನೆದರ್ಲೆಂಡಿನಲ್ಲಿ ೨೦೦೧ರಿಂದ, ನಮ್ಮ ಏಷ್ಯಾ ಖಂಡದ ತೈವಾನಿನಲ್ಲಿ ೨೦೧೯ರಿಂದ, ಥಾಯ್ಲೆಂಡಿನಲ್ಲಿ ೨೦೨೫ರ ಜನವರಿಯಿಂದ ಈ ಹಕ್ಕು ಉಂಟು. ಅಲ್ಲೆಲ್ಲ ಗಂಡು ಹೆಣ್ಣುಗಳು ಮದುವೆಯಾಗುವುದನ್ನೇನೂ ನಿಲ್ಲಿಸಲಿಲ್ಲ.

ಮೂರನೆಯವರು ಸಮಾನತೆಯ ಹೆಸರಿನಲ್ಲಿಯೇ ವಾದಿಸುತ್ತಾರೆ: ಯಾವ ಗಂಡಸಾದರೂ ಒಬ್ಬ ಹೆಂಗಸನ್ನು ಮದುವೆಯಾಗಬಹುದಲ್ಲ, ಎಲ್ಲರಿಗೂ ಒಂದೇ ಶಾಸನವಿದೆಯಲ್ಲ ಎಂದು. ನೆರೆಮನೆಯ ಅಜ್ಜಿ ನನ್ನ ಡ್ರೊಸೆರಾಕ್ಕೆ ಕೊಟ್ಟಿಗೆಯ ಗೊಬ್ಬರ ಹಾಕಲು ಬಹಳ ಸಲ ಒತ್ತಾಯಿಸಿದ್ದಾರೆ. ಗುಲಾಬಿಗೆ ಒಳ್ಳೆಯದಾದದ್ದು ಇದಕ್ಕೂ ಒಳ್ಳೆಯದೆಂಬುದು ಅವರ ಪ್ರೀತಿಯ ತರ್ಕ. ಎಲ್ಲಕ್ಕೂ ಒಂದೇ ಗೊಬ್ಬರ ಹಾಕುವುದು ಸಮಾನತೆಯಲ್ಲ; ಎಲ್ಲವೂ ಬದುಕುವಂತೆ ನೋಡಿಕೊಳ್ಳುವುದು ಸಮಾನತೆ. “ಮದುವೆ ಮಾಡಿದರೆ ಸರಿಹೋಗುತ್ತಾನೆ” ಎಂದು ಮನಸ್ಸೊಪ್ಪದ ಹುಡುಗನನ್ನು ಹಸೆಮಣೆಯ ಮೇಲೆ ಕೂರಿಸುವುದೂ ಅಜ್ಜಿಯ ಗೊಬ್ಬರದಂತಹುದೇ. ಅದರಲ್ಲಿ ಹಾಳಾಗುವ ಬಾಳು ಒಂದಲ್ಲ, ಎರಡು. ಏನೂ ಅರಿಯದೆ ಪಕ್ಕದಲ್ಲಿ ಕುಳಿತ ಆ ಹುಡುಗಿಯ ಗತಿಯನ್ನು ಯಾರು ಯೋಚಿಸಿದ್ದಾರೆ?

ನಾಲ್ಕನೆಯದು ಪ್ರಕೃತಿಯ ವಾದ. ಇದಕ್ಕೆ ಸಸ್ಯಗಳಿಂದಲೇ ಉತ್ತರ ಕೊಡುವುದು ಸುಲಭ. ಪಪ್ಪಾಯಿಯಲ್ಲಿ ಗಂಡುಮರವುಂಟು, ಹೆಣ್ಣುಮರವುಂಟು, ಎರಡೂ ಆಗಿರುವ ಮರವೂ ಉಂಟು. ಆದರೆ ಆ ಉತ್ತರವನ್ನು ನಾನು ಬಳಸಲಾರೆ. ಆಲದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು ಕೊನೆಗೆ ಆಶ್ರಯ ಕೊಟ್ಟ ಮರವನ್ನೇ ಬಿಗಿದು ಕೊಲ್ಲುವುದೂ ಪ್ರಕೃತಿಯೇ. ಗಿಡಗಳು ನಮಗೆ ಧರ್ಮಶಾಸ್ತ್ರವನ್ನು ಬರೆದುಕೊಡುವುದಿಲ್ಲ. ವಿವಾಹ, ವಾರಸು, ನೋಂದಣಿ ಇವೆಲ್ಲ ಮನುಷ್ಯರು ಮಾಡಿಕೊಂಡ ಏರ್ಪಾಡುಗಳು. ಅವುಗಳ ನ್ಯಾಯ ಅನ್ಯಾಯಗಳನ್ನು ಮನುಷ್ಯರ ಸುಖದುಃಖದಿಂದಲೇ ಅಳೆಯಬೇಕು. ಹಾಗೆ ಅಳೆದವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳ ವಿವಾಹವನ್ನು ಆ ಕಾಲ ಒಪ್ಪಲಿಲ್ಲವೆಂದೂ, ತಂದೆಯರಿಬ್ಬರೂ ಪ್ರಾಣ ತೆತ್ತರೆಂದೂ ಪರಂಪರೆ ಹೇಳುತ್ತದೆ. ಅಂದು ಆ ವಿವಾಹವೂ ಕ್ರಮಕ್ಕೆ ವಿರುದ್ಧವೆನಿಸಿತ್ತು. ಇಂದು ಶಿಕ್ಷೆ ಕೊಟ್ಟವರ ಪರವಾಗಿ ವೇದಿಕೆಯ ಮೇಲೆ ನಿಂತು ಮಾತನಾಡುವವರು ಯಾರಿದ್ದಾರೆ?

ನ್ಯಾಯಾಲಯ ಹೇಳಿದ ಮಾತೊಂದು ಮಾತ್ರ ಉಳಿಯಿತು: ಶಾಸನವನ್ನು ಮಾಡಬೇಕಾದದ್ದು ಶಾಸಕಾಂಗ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಅಧಿಕಾರ ವಿಭಜನೆಯನ್ನು ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು ನಾವು. ತೀರ್ಪಿನ ತರುವಾಯ ೨೦೨೪ರಲ್ಲಿ ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಅದೇ ವರ್ಷ ಇಂತಹ ಜೋಡಿಗಳು ಒಂದೇ ಪಡಿತರ ಚೀಟಿ ಪಡೆಯಲೂ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲೂ ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ ತಿಳಿಸಿತು. ಒಂದೇ ಚೀಟಿಯ ಅಕ್ಕಿಯನ್ನು ಉಣ್ಣಬಹುದಾದವರು ಒಂದೇ ಮನೆಯವರೆಂದು ಒಪ್ಪಿದಂತಾಯಿತು. ಹಾಗಾದರೆ ಆ ಮನೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೆಸರು ಕೊಡಲು ಏನಡ್ಡಿ?

ಶಾಸಕಾಂಗವೆಂದರೆ ಕೊನೆಗೆ ಮತದಾರರು, ಎಂದರೆ ನಾವು. ಈ ಸಂಚಿಕೆ ಕೈಸೇರುವ ಹೊತ್ತಿಗೆ ನಮ್ಮಲ್ಲಿ ಹಲವರ ಮನೆಯಲ್ಲಿ “ಡಿಗ್ರಿ ಮುಗಿಯಿತು, ಇನ್ನು ಮದುವೆ” ಎಂಬ ಮಾತು ಎದ್ದಿರುತ್ತದೆ. ಅದನ್ನು ಕೇಳಿ ನಾಚುವವರೂ ಉಂಟು, ಸಿಡುಕುವವರೂ ಉಂಟು. ಯಾರಿಗೂ ಹೇಳಲಾರದೆ ನಡುಗುವವರೂ ನಮ್ಮ ತರಗತಿಯ ಬೆಂಚುಗಳ ಮೇಲೆಯೇ ಇರುವುದು ಅಸಂಭವವಲ್ಲ. ಅಂತಹ ಸಹಪಾಠಿಯ ಮುಂದೆ ಈ ವಿಷಯವನ್ನೆತ್ತಿ ನಗೆಯಾಡದಿರುವುದು ನಾವು ಇಂದೇ ಮಾಡಬಹುದಾದ ಕೆಲಸ. ಗುರುಗಳಲ್ಲಿ ನನ್ನದೊಂದು ವಿಜ್ಞಾಪನೆ: ವಿವಾಹ ಮತ್ತು ಕುಟುಂಬದ ಪಾಠ ಬಂದಾಗ ೨೦೨೩ರ ಈ ತೀರ್ಪನ್ನೂ ಒಂದು ಗಂಟೆ ಚರ್ಚಿಸಬೇಕು. ಒಪ್ಪಲಿ ಬಿಡಲಿ, ಓದಿಯಾದರೂ ಮಾತನಾಡುವಂತಾಗಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಮಹನೀಯರಿಗೆ ರಸ್ತೆ, ನೀರು, ಉದ್ಯೋಗಗಳ ಜತೆಗೆ ಇದನ್ನೂ ಕೇಳೋಣ: ಮೂವತ್ತು ವರ್ಷ ಜತೆಗೆ ಬಾಳಿದವರನ್ನು ಹದಿಮೂರನೆಯ ದಿನ ಬೀದಿಗೆ ಕಳಿಸುವ ಶಾಸನವನ್ನು ನೀವು ಯಾವಾಗ ತಿದ್ದುವಿರಿ?