ಪರಿವರ್ತಕದ ಬೆಲೆ ಮತ್ತು ವರ್ತಕನ ಮಾತಿನ ಬೆಲೆ

ಮನೆಯ ಸಂಗೀತ ವ್ಯವಸ್ಥೆಗೆ ಉನ್ನತ ದರ್ಜೆಯ ಡಿಜಿಟಲ್-ಅನಲಾಗ್ ಪರಿವರ್ತಕವನ್ನು, ಅಂದರೆ ವ್ಯಾಪಾರ ವಲಯದಲ್ಲಿ 'ಡ್ಯಾಕ್' ಎಂದು ಕರೆಯಲ್ಪಡುವ ಉಪಕರಣವನ್ನು ಕೊಳ್ಳಬಯಸುವ ಗ್ರಾಹಕನ ಮುಂದೆ ಇಂದು ಹತ್ತು ಸಾವಿರ ರೂಪಾಯಿಯಿಂದ ಹತ್ತು ಲಕ್ಷವನ್ನೂ ಮೀರಿದ ಬೆಲೆಯ ಪೆಟ್ಟಿಗೆಗಳಿವೆ. ಇವೆಲ್ಲವೂ ಮಾಡುವ ಕೆಲಸ ಒಂದೇ: ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ಆಂಪ್ಲಿಫೈಯರ್ ಸ್ವೀಕರಿಸಬಲ್ಲ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವುದು. ಒಂದೇ ಕೆಲಸಕ್ಕೆ ನೂರು ಪಟ್ಟು ಬೆಲೆಯ ಅಂತರವಿರುವ ಸರಕನ್ನು ಮಾರುವಾಗ, ಆ ಅಂತರಕ್ಕೆ ಗ್ರಾಹಕನಿಗೆ ಏನು ದೊರೆಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದದ್ದು ವರ್ತಕನ ಹೊಣೆ. ಈ ಹೊಣೆಯನ್ನು ನಿರ್ವಹಿಸುವಲ್ಲಿಯೇ ಅವನ ದೀರ್ಘಕಾಲದ ಲಾಭವೂ ಅಡಗಿದೆ.

ಈ ದಿಸೆಯಲ್ಲಿ ತುಸು ಹಿನ್ನೋಟ ಅಗತ್ಯ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಮಾರುಕಟ್ಟೆಗೆ ತಂದ ಕಾಂಪ್ಯಾಕ್ಟ್ ಡಿಸ್ಕ್‌ನಲ್ಲಿ ಪ್ರತಿ ಸೆಕೆಂಡಿಗೆ ಧ್ವನಿಯ 44,100 ಮಾದರಿಗಳು ತಲಾ 16 ಬಿಟ್‌ಗಳಲ್ಲಿ ದಾಖಲಾಗಿರುತ್ತವೆ. ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬಲ್‌ನಂತೆ ಲೆಕ್ಕ ಹಾಕಿದರೆ, ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಲಭಿಸುತ್ತದೆ. ಆ ಕಾಲದಲ್ಲಿ ಈ ಮಟ್ಟವನ್ನು ಮುಟ್ಟುವುದೇ ಸಾಹಸವಾಗಿತ್ತು. ಫಿಲಿಪ್ಸ್‌ನ ಮೊದಲ ಪ್ಲೇಯರ್‌ಗಳು 14 ಬಿಟ್ ಪರಿವರ್ತಕವನ್ನೇ ಬಳಸಿ, ಮಾದರಿಗಳ ದರವನ್ನು ನಾಲ್ಕು ಪಟ್ಟು ಹೆಚ್ಚಿಸುವ ಉಪಾಯದಿಂದ ಕೊರತೆಯನ್ನು ತುಂಬಿಕೊಂಡವು. ಇಂದಾದರೋ ಮಧ್ಯಮ ಬೆಲೆಯ ಉತ್ತಮ ಪರಿವರ್ತಕಗಳೇ ಗದ್ದಲ ಮತ್ತು ವಿಕೃತಿಯನ್ನು ಮೂಲ ಸಂಕೇತಕ್ಕಿಂತ 110ರಿಂದ 120 ಡೆಸಿಬಲ್‌ಗಳಷ್ಟು ಕೆಳಗಿಡುತ್ತವೆ. ಫ್ಯಾನ್ ತಿರುಗುತ್ತಿರುವ, ಬೀದಿಯ ಸದ್ದು ಒಳಬರುವ ಕೋಣೆಯಲ್ಲಿ ಅದಕ್ಕೂ ಕೆಳಗಿನ ಸೂಕ್ಷ್ಮತೆಯನ್ನು ಕಿವಿ ಗುರುತಿಸುವುದು ದುಸ್ತರ.

ಪರೀಕ್ಷೆಗಳೂ ಈ ಮಾತನ್ನು ಬಹುಮಟ್ಟಿಗೆ ಸಮರ್ಥಿಸುತ್ತವೆ. ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ 2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೊರನ್ ಅವರ ಪ್ರಯೋಗದಲ್ಲಿ, ಉನ್ನತ ಗುಣಮಟ್ಟದ ಧ್ವನಿಮುದ್ರಿಕೆಯ ಸಂಕೇತವನ್ನು ಸಿ.ಡಿ. ಮಟ್ಟದ ಪರಿವರ್ತನೆಗೆ ಒಳಪಡಿಸಿ ಕೇಳಿಸಲಾಯಿತು. 554 ಪರೀಕ್ಷೆಗಳಲ್ಲಿ ಸರಿಯಾದ ಉತ್ತರಗಳು 276. ನಾಣ್ಯ ಚಿಮ್ಮಿ ಹೇಳಿದ್ದರೂ ಬಹುಶಃ ಇಷ್ಟೇ ಸರಿಯಾಗುತ್ತಿತ್ತು. ಆದರೆ 2016ರಲ್ಲಿ ಜೋಶುವಾ ರೀಸ್ ಅವರು 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯು, ಸಿ.ಡಿ.ಗೂ ಮೇಲ್ಮಟ್ಟದ ಧ್ವನಿಮುದ್ರಣಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವ ಶಕ್ತಿ ಅಲ್ಪವಾದರೂ ಇದೆಯೆಂದೂ, ತರಬೇತಿ ಪಡೆದವರಲ್ಲಿ ಅದು ಹೆಚ್ಚೆಂದೂ ತೋರಿಸಿತು. ಆದುದರಿಂದ 'ವ್ಯತ್ಯಾಸವೇ ಇಲ್ಲ' ಎಂಬ ಮಾತು ಸರಿಯಲ್ಲ; 'ಅಜಗಜಾಂತರ' ಎಂಬ ಮಾತಂತೂ ಇನ್ನೂ ಸರಿಯಲ್ಲ.

ಹಾಗಾದರೆ ಅಂಗಡಿಯಲ್ಲಿ ಕೇಳಿಸಿದಾಗ ದುಬಾರಿ ಪರಿವರ್ತಕವು ಹೆಚ್ಚು ಇಂಪೆನಿಸುವುದೇಕೆ? ಅನೇಕ ವೇಳೆ ಕಾರಣ ಬಲು ಸರಳ. ಸಾಮಾನ್ಯ ಆರ್‌ಸಿಎ ಜೋಡಣೆಯಲ್ಲಿ ಸುಮಾರು 2 ವೋಲ್ಟ್ ಹೊರಬಂದರೆ, ಬ್ಯಾಲೆನ್ಸ್‌ಡ್ ಜೋಡಣೆಯಲ್ಲಿ ಸುಮಾರು 4 ವೋಲ್ಟ್ ಹೊರಬರುತ್ತದೆ. ಈ ದುಪ್ಪಟ್ಟು 6 ಡೆಸಿಬಲ್‌ಗೆ ಸಮ. ತುಸು ಗಟ್ಟಿಯಾಗಿ ಕೇಳಿಸಿದ್ದನ್ನು ಕಿವಿ ಉತ್ತಮವೆಂದೇ ಗ್ರಹಿಸುವುದರಿಂದ, ಧ್ವನಿಮಟ್ಟವನ್ನು ಸರಿದೂಗಿಸದೆ ನಡೆಸಿದ ಹೋಲಿಕೆ, ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಕಲ್ಲು ಕಟ್ಟಿ ತೂಗಿದಂತೆ. ಒಂದು ಮಲ್ಟಿಮೀಟರ್ ಹಾಗೂ ಸ್ಥಿರ ಧ್ವನಿಯ ಒಂದು ಕಡತವಿದ್ದರೆ ಎರಡೂ ಉಪಕರಣಗಳ ಮಟ್ಟವನ್ನು ಐದು ನಿಮಿಷದಲ್ಲಿ ಸಮಗೊಳಿಸಬಹುದು. ಈ ಕ್ರಮವನ್ನು ಪಾಲಿಸುವ ಮಳಿಗೆ ಒಂದೆರಡು ದುಬಾರಿ ಮಾರಾಟಗಳನ್ನು ಕಳೆದುಕೊಳ್ಳಬಹುದು. ಆದರೆ ಗ್ರಾಹಕನನ್ನು ಕಳೆದುಕೊಳ್ಳದು.

ಹೆಚ್ಚಿನ ಹಣಕ್ಕೆ ನ್ಯಾಯವಾದ ಕಾರಣಗಳಿಲ್ಲವೆಂದೇನೂ ಅಲ್ಲ. ವೋಲ್ಟೇಜಿನ ಏರಿಳಿತವನ್ನು ತಾಳಿಕೊಳ್ಳುವ ವಿದ್ಯುತ್ ಪೂರೈಕೆ ವಿಭಾಗ, ಸುಸಜ್ಜಿತವಾದ ಅನಲಾಗ್ ಹೊರಹರಿವಿನ ಹಂತ, ಗಟ್ಟಿಮುಟ್ಟಾದ ಸಾಕೆಟ್‌ಗಳು, ಅಗತ್ಯಕ್ಕೆ ತಕ್ಕ ಯುಎಸ್‌ಬಿ, ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಪ್ರವೇಶಗಳು, ರಿಮೋಟ್‌ನೊಡನೆ ಧ್ವನಿ ನಿಯಂತ್ರಣ, ಇವೆಲ್ಲವೂ ಬೆಲೆ ತೆರಲು ಅರ್ಹವಾದವು. ಕಂಪ್ಯೂಟರಿಗೆ ಜೋಡಿಸಿದಾಗ ಅರ್ಥಿಂಗ್ ದೋಷದಿಂದ ಗುಂಯ್‌ಗುಡುವ ಮನೆಯಲ್ಲಿ, ಲಕ್ಷ ರೂಪಾಯಿಯ ಉಪಕರಣ ನೀಡದ ಪರಿಹಾರವನ್ನು ವಿದ್ಯುತ್ ಸಂಪರ್ಕವಿಲ್ಲದ ಒಂದು ಆಪ್ಟಿಕಲ್ ಕೇಬಲ್ ನೀಡಬಲ್ಲದು. ಅಂತೆಯೇ, ಸ್ಪೀಕರ್ ಮತ್ತು ಕೋಣೆಯ ಕೊರತೆಯನ್ನು ಯಾವ ಪರಿವರ್ತಕವೂ ಮುಚ್ಚಲಾರದು ಎಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ಒಳಿತು.

ಸಣ್ಣ ಉತ್ಪಾದಕರು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಬಹುಪಾಲು ಪರಿವರ್ತಕಗಳ ಹೃದಯವಾದ ಚಿಪ್‌ಗಳು ಇಎಸ್‌ಎಸ್, ಎಕೆಎಂ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಸಿರಸ್ ಲಾಜಿಕ್‌ನಂತಹ ಬೆರಳೆಣಿಕೆಯ ಸಂಸ್ಥೆಗಳಿಂದ ಬರುತ್ತವೆ. ಇಂಗ್ಲೆಂಡಿನ ಕಾರ್ಡ್‌ನಂತೆ ಸ್ವಂತ ವಿನ್ಯಾಸವನ್ನು ಅವಲಂಬಿಸಿದವರು ವಿರಳ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿರುವ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಜಗತ್ತಿನಾದ್ಯಂತ ಅನೇಕ ತಯಾರಕರು ತಮ್ಮ ಮಾದರಿಗಳನ್ನು ನಿಲ್ಲಿಸಬೇಕಾಯಿತು, ಇಲ್ಲವೇ ಬೇರೆ ಚಿಪ್‌ಗೆ ಮರುವಿನ್ಯಾಸಗೊಳಿಸಬೇಕಾಯಿತು. ಒಂದೇ ಮೂಲವನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು ಈ ಘಟನೆ ಮನದಟ್ಟು ಮಾಡಿತು. ಅದೇ ವೇಳೆ ಇದರಲ್ಲಿ ಅವಕಾಶವೂ ಇದೆ. ದುಬಾರಿ ಪೆಟ್ಟಿಗೆಯಲ್ಲಿರುವ ಚಿಪ್ ಅಗ್ಗದ ಪೆಟ್ಟಿಗೆಯ ತಯಾರಕನಿಗೂ ದೊರೆಯುತ್ತದೆ. ಉಳಿದದ್ದು ಸರ್ಕ್ಯೂಟ್ ಬೋರ್ಡಿನ ವಿನ್ಯಾಸ, ಟ್ರಾನ್ಸ್‌ಫಾರ್ಮರ್, ಲೋಹದ ಕವಚ ಮತ್ತು ಕಟ್ಟುನಿಟ್ಟಾದ ತಪಾಸಣೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿಯೇ ವಿನ್ಯಾಸ ಕೇಂದ್ರ ತೆರೆದ ಬೆಂಗಳೂರಿನ ಉದ್ಯಮಿಗಳಿಗೆ ಇವಾವುವೂ ನಿಲುಕದ ವಿದ್ಯೆಗಳಲ್ಲ. ಸ್ಥಳೀಯ ಉತ್ಪಾದಕನು ಮಾಪನದ ವರದಿಯೊಂದನ್ನು ಪ್ರತಿ ಪೆಟ್ಟಿಗೆಯೊಡನೆ ಲಗತ್ತಿಸಿ, ದುರಸ್ತಿಯ ಭರವಸೆಯನ್ನೂ ಇತ್ತರೆ ವಿದೇಶಿ ಹೆಸರಿನೊಡನೆ ಸೆಣಸಲು ಅದು ಸಾಕಷ್ಟು ಬಲ ನೀಡೀತು.

ಕಾನೂನಿನ ಮಗ್ಗುಲನ್ನೂ ಮರೆಯುವಂತಿಲ್ಲ. ಆಮದು ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ, ತಯಾರಾದ ದೇಶ ಹಾಗೂ ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸುತ್ತವೆ. ಆಡಿಯೋ ಉಪಕರಣಗಳ ಪವರ್ ಅಡಾಪ್ಟರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಬರುತ್ತವೆ. ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಂಡನೆಗೆ ಅವಕಾಶ ಕಲ್ಪಿಸಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಅಂಗಡಿಯ ಹೆಸರಿಗೂ ಸಲ್ಲುತ್ತದೆ. ಮೂರು ಲಕ್ಷದ ಉಪಕರಣ ಕೊಂಡೊಯ್ದ ಗ್ರಾಹಕ, ಮೂವತ್ತು ಸಾವಿರದ್ದೇ ತನಗೆ ಸಾಕಾಗಿತ್ತೆಂದು ಮುಂದೊಂದು ದಿನ ಅರಿತರೆ ಆ ಮಳಿಗೆಯ ಮೆಟ್ಟಿಲನ್ನು ಮತ್ತೆ ತುಳಿಯಲಾರ. ಅವನ ಕೋಣೆ, ಸ್ಪೀಕರ್ ಮತ್ತು ಅಭಿರುಚಿಯನ್ನು ವಿಚಾರಿಸಿ, ಮಟ್ಟ ಸಮಗೊಳಿಸಿ ಕೇಳಿಸಿ, ಅಳತೆಯ ಅಂಕಿಗಳನ್ನು ಮುಂದಿಟ್ಟು, ದುರಸ್ತಿಯ ಹೊಣೆ ಹೊರುವ ವರ್ತಕನಿಂದ ಅದೇ ಗ್ರಾಹಕ ನಾಳೆ ಸ್ಪೀಕರನ್ನೂ ಕೊಳ್ಳುತ್ತಾನೆ, ನೆಂಟರನ್ನೂ ಕರೆತರುತ್ತಾನೆ.